ಖಾಲಿ ಹಾಸಿಗೆಯ ಲೆಕ್ಕ

"ಮಗಳು ಈಗ ಏನು ಓದುತ್ತಿದ್ದಾಳೆ ಟೀಚರ್?" ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನಾನು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಇಂಜಿನಿಯರಿಂಗ್ ಎಂದರೆ ಜನಕ್ಕೆ ತಿಳಿಯುತ್ತದೆ. ಡಾಕ್ಟರಿಕೆ ಎಂದರೆ ಕೂತಲ್ಲಿಂದ ಅರ್ಧ ಎದ್ದು ಗೌರವ ಕೊಡುತ್ತಾರೆ. "ಫ್ರಾನ್ಸಿನಲ್ಲಿ ಎಂ.ಬಿ.ಎ. ಓದುತ್ತಿದ್ದಾಳೆ, ಮುಗಿಸಿ ಬಂದು ನಮ್ಮ ಕಡೆ ಡಯಾಲಿಸಿಸ್ ಕೇಂದ್ರ ನಡೆಸುತ್ತಾಳಂತೆ" ಎಂದು ನಾನು ಹೇಳಿದರೆ ಮಾತ್ರ ಎದುರಿನವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು. ಆಮೇಲೆ ಬರುತ್ತಿದ್ದ ಪ್ರಶ್ನೆ ಒಂದೇ. "ಅದಕ್ಕೆ ಡಾಕ್ಟರಾಗಬೇಕಲ್ಲ, ವ್ಯಾಪಾರದ ಓದು ಯಾಕೆ?"

ಕೇಳಿದವರದು ತಪ್ಪೇನಿಲ್ಲ. ಆ ಪ್ರಶ್ನೆ ನನ್ನದೂ ಆಗಿತ್ತು. ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಕನ್ನಡ, ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಕಾಯಿಲೆ ಬಿದ್ದವರಿಂದ ಲಾಭ ಮಾಡುವುದು ಎಂದರೆ ನನ್ನ ಮಟ್ಟಿಗೆ ಬಾವಿಗೆ ಬಿದ್ದವನಿಗೆ ಹಗ್ಗ ಮಾರಿದ ಹಾಗೆ. ಅಂಥದ್ದನ್ನು ಕಲಿಯಲು ಹಡೆದ ಮಗಳೇ ಸಮುದ್ರ ದಾಟಿ ಹೋಗುತ್ತೇನೆ ಎಂದಾಗ, ಅದಕ್ಕಾಗಿ ನನ್ನ ಮನೆಯ ಕಾಗದಪತ್ರ ಬ್ಯಾಂಕಿನಲ್ಲಿ ಇಡಬೇಕು ಎಂದಾಗ, ನಾನು ಎರಡು ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ.

ಈ ಕತೆ ಶುರುವಾದದ್ದು ಅದಕ್ಕೂ ಎಂಟು ವರ್ಷ ಹಿಂದೆ. 2009ರ ಮಳೆಗಾಲದಲ್ಲಿ ನಮ್ಮವರ ಕಾಲು ಬಾತುಕೊಂಡಿತು. ಅಡಿಕೆ ತೋಟದಲ್ಲಿ ನೀರಲ್ಲಿ ನಿಂತದ್ದಕ್ಕೆ ಇರಬೇಕೆಂದು ಎಣ್ಣೆ ಹಚ್ಚಿ ಬಿಸಿನೀರು ಹಾಕಿದೆವು. ರಕ್ತ ಪರೀಕ್ಷೆಯಾದಾಗ ಎರಡೂ ಮೂತ್ರಪಿಂಡ ಸೋತಿವೆ ಎಂದು ತಿಳಿಯಿತು. ನಮ್ಮದು ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗಿನ ಹಳ್ಳಿ. ಡಯಾಲಿಸಿಸ್‌ಗೆ ನಮಗೆ ಜಾಗ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ವಾರಕ್ಕೆ ಮೂರು ಸಲ ಮಾಡಿಸಿದರೆ ಒಳ್ಳೆಯದು ಎಂದರು. ನಮಗೆ ಸಾಧ್ಯವಾದದ್ದು ಎರಡು. ಬೆಳಿಗ್ಗೆ ಐದೂವರೆಯ ಬಸ್ಸು ಹಿಡಿದು ಶಿರಸಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮುಂಡಗೋಡ, ತಡಸ ದಾಟಿ ಹುಬ್ಬಳ್ಳಿಗೆ. ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಬೇಕು. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಮನೆ ಸೇರುವಾಗ ರಾತ್ರಿ ಎಂಟು, ಮಳೆಗೆ ಮರ ಬಿದ್ದಿದ್ದರೆ ಹತ್ತು.

ಕುಡಿಯುವ ನೀರಿಗೆ ಅಳತೆ, ಉಪ್ಪಿಗೆ ಅಳತೆ. ಮನೆಯ ಸುತ್ತ ಹದಿನಾರು ತೆಂಗಿನ ಮರವಿದ್ದರೂ ಎಳನೀರು ಮುಟ್ಟುವ ಹಾಗಿರಲಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಆ ಕಾಯಿಲೆಯವರ ಹೃದಯಕ್ಕೆ ಅಪಾಯ. ಬಾಯಿ ಒಣಗಿದಾಗ ಅವರು ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಯಾರನ್ನೂ ಬೈದದ್ದು ನನಗೆ ನೆನಪಿಲ್ಲ.

ಆ ಆಸ್ಪತ್ರೆಯ ಒಂದು ದೃಶ್ಯ ಮಾತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಡಯಾಲಿಸಿಸ್ ಕೋಣೆಯ ಮೂಲೆಯಲ್ಲಿ ಎರಡು ಯಂತ್ರಗಳಿಗೆ ಹಸಿರು ಬಟ್ಟೆ ಹೊದಿಸಿ ಇಟ್ಟಿದ್ದರು. ಹೊರಗೆ ಬೆಂಚಿನ ಮೇಲೆ ಏಳೆಂಟು ಜನ ಸರದಿಗೆ ಕಾಯುತ್ತ ಕೂತಿರುತ್ತಿದ್ದರು. ಒಳಗೆ ಎರಡು ಹಾಸಿಗೆ ಖಾಲಿ, ಎರಡು ಯಂತ್ರ ಮಲಗಿವೆ. ಒಂದು ದಿನ ತಡೆಯಲಾರದೆ ನರ್ಸನ್ನು ಕೇಳಿದೆ. "ಟೆಕ್ನಿಷಿಯನ್ ಇಲ್ಲ ಅಮ್ಮಾ, ನೀರೂ ಸಾಲೋದಿಲ್ಲ" ಎಂದು ಹೇಳಿ ಅವಳು ಸರಸರ ಹೋದಳು. ನನಗೆ ಸಿಟ್ಟು ಬಂತು. ಕರುಣೆ ಇಲ್ಲದ ಜನ ಎಂದುಕೊಂಡೆ. ಹುಬ್ಬಳ್ಳಿಯಲ್ಲೇ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದ ಮಗಳು ಕ್ಲಾಸು ತಪ್ಪಿಸಿ ಬಂದು ಅಪ್ಪನ ಪಕ್ಕ ಕೂರುತ್ತಿದ್ದಳು. ಅವಳೂ ಆ ಹಸಿರು ಬಟ್ಟೆಯನ್ನು ನೋಡುತ್ತಿದ್ದಳು. ನನ್ನ ಹಾಗೆ ಸಿಟ್ಟು ತೋರಿಸಲಿಲ್ಲ. ಯಂತ್ರದ ಹಿಂದೆ ಹೋಗಿ ಬಗ್ಗಿ ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡುತ್ತಿದ್ದಳು.

2012ರ ಮಾಘ ಮಾಸದಲ್ಲಿ ನಮ್ಮವರು ಹೋದರು.

ಮಗಳು ಬೆಂಗಳೂರಿನಲ್ಲಿ ವೈದ್ಯಕೀಯ ಯಂತ್ರಗಳ ಕಂಪನಿಯೊಂದರಲ್ಲಿ ಐದು ವರ್ಷ ಕೆಲಸ ಮಾಡಿದಳು. ಊರೂರು ಸುತ್ತಿ ಆಸ್ಪತ್ರೆಗಳಲ್ಲಿ ಯಂತ್ರ ಕೂರಿಸುವುದು, ರಿಪೇರಿ ನೋಡುವುದು. ಹೋದಲ್ಲೆಲ್ಲ ಬಟ್ಟೆ ಹೊದ್ದ ಯಂತ್ರ ಒಂದಾದರೂ ಕಾಣುತ್ತಿತ್ತಂತೆ. "ಅಮ್ಮ, ಯಂತ್ರ ಕೂರಿಸೋದು ನಂಗೆ ಗೊತ್ತು. ಅದು ಯಾಕೆ ನಿಲ್ತದೆ ಅಂತ ಗೊತ್ತಿಲ್ಲ. ಅದನ್ನ ಕಲೀಬೇಕು" ಎಂದಳು. ಹೀಗೆ ಬಂದದ್ದು ಎಂ.ಬಿ.ಎ.ಯ ಮಾತು.

ಅವಳಿಗೆ ಸೀಟು ಸಿಕ್ಕಿದ್ದು ಇನ್ಸಿಯಾಡ್ ಎಂಬ ಶಾಲೆಯಲ್ಲಿ. ಪ್ಯಾರಿಸ್ಸಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮುಟ್ಟುವ ಫೌಂಟನ್‌ಬ್ಲೋ ಎಂಬ ಊರಿನಲ್ಲಿ, ದೊಡ್ಡ ಕಾಡಿನ ಅಂಚಿಗೆ ಅದು ಇದೆ. 1957ರಲ್ಲಿ ಹುಟ್ಟಿದ ಶಾಲೆ. ಅದರ ಮೊದಲ ತರಗತಿ ನಡೆದದ್ದು ಆ ಊರಿನ ಅರಮನೆಯಲ್ಲಿ. 1814ರಲ್ಲಿ ಪಟ್ಟ ಬಿಟ್ಟ ನೆಪೋಲಿಯನ್ ತನ್ನ ಸೈನಿಕರಿಗೆ ವಿದಾಯ ಹೇಳಿದ್ದು ಅದೇ ಅರಮನೆಯ ಅಂಗಳದಲ್ಲಿ. ಎಂಟನೆಯ, ಒಂಬತ್ತನೆಯ ತರಗತಿಗಳಿಗೆ ನೆಪೋಲಿಯನ್ನನ ಪಾಠ ಮಾಡಿದ ನನಗೆ ಅದೊಂದೇ ಸಂಗತಿ ಕೊಂಚ ಸಮಾಧಾನ ಕೊಟ್ಟಿತು. ಬೇರೆ ಕಡೆ ಎರಡು ವರ್ಷ ತೆಗೆದುಕೊಳ್ಳುವ ಓದನ್ನು ಅಲ್ಲಿ ಹತ್ತು ತಿಂಗಳಿಗೆ ಮುಗಿಸುತ್ತಾರೆ. ಖರ್ಚು ಮಾತ್ರ ಹತ್ತು ತಿಂಗಳದ್ದಲ್ಲ. ವಿದ್ಯಾರ್ಥಿವೇತನ ಸ್ವಲ್ಪ ಬಂತು, ಅವಳ ಉಳಿತಾಯವಿತ್ತು. ಉಳಿದದ್ದಕ್ಕೆ ಐವತ್ತು ಲಕ್ಷ ಸಾಲ. ಅದರ ತಿಂಗಳ ಕಂತು ನನ್ನ ತಿಂಗಳ ಸಂಬಳಕ್ಕಿಂತ ದೊಡ್ಡದು. ಮನೆ, ತೋಟದ ಪತ್ರ ಕೊಟ್ಟು ಸಹಿ ಮಾಡುವಾಗ ಕೈ ನಡುಗಿ ನನ್ನ ಸಹಿ ನನ್ನದೇ ಅಲ್ಲವೆನ್ನುವ ಹಾಗಾಯಿತು. ಮ್ಯಾನೇಜರು ಇನ್ನೊಂದು ಸಲ ಮಾಡಿಸಿದರು.

2017ರ ಆಗಸ್ಟಿನಲ್ಲಿ ಅವಳು ಹೊರಟಳು. ಅವಳಿಗೆ ಸಂಜೆ ಆರಾದಾಗ ನನಗೆ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಆ ಹೊತ್ತಿಗೆ ದಿನವೂ ಫೋನಿನಲ್ಲಿ ಮುಖ ತೋರಿಸುತ್ತಿದ್ದಳು. ಅಲ್ಲಿ ಐದಾರು ಜನರ ಗುಂಪು ಮಾಡಿ ಹಾಕುತ್ತಾರೆ. ಒಬ್ಬರ ದೇಶ ಇನ್ನೊಬ್ಬರದಲ್ಲ, ಒಬ್ಬರ ಕಸುಬು ಇನ್ನೊಬ್ಬರದಲ್ಲ. ಬೇಕೆಂದೇ ಹಾಗೆ ಮಾಡುವುದಂತೆ. ಇವಳ ಗುಂಪಿನಲ್ಲಿ ನೈಜೀರಿಯಾದ ಬ್ಯಾಂಕಿನವನು, ಬ್ರೆಜಿಲ್ಲಿನ ವಕೀಲೆ, ಜರ್ಮನಿಯ ಕಾರು ಕಾರ್ಖಾನೆಯವನು, ಫ್ರೆಂಚ್ ನೌಕಾಪಡೆಯಲ್ಲಿದ್ದವನು. ಮೊದಲ ಎರಡು ತಿಂಗಳು ಜಗಳವೇ ಜಗಳ. ಹಣಕಾಸಿನ ಪರೀಕ್ಷೆಯಲ್ಲಿ ಇವಳಿಗೆ ಕಡಿಮೆ ಅಂಕ ಬಂದು, ಫೋನಿನಲ್ಲಿ ಮಾತಾಡದೆ ಬರೀ ಉಪ್ಪಿಟ್ಟು ತಿನ್ನುತ್ತ ಕೂತಿದ್ದಳು. ಹತ್ತನೇ ತರಗತಿಯಲ್ಲಿ ತಾಲೂಕಿಗೇ ಮೊದಲು ಬಂದ ಹುಡುಗಿ!

ಆಗ ಅಲ್ಲಿ ಇನ್ನೊಂದು ಕಟ್ಟಳೆಯಿತ್ತು. ಪದವಿ ಬೇಕಾದರೆ ಮೂರು ಭಾಷೆ ಗೊತ್ತಿರಬೇಕು. ಇವಳು ಇಂಗ್ಲಿಷ್, ಹಿಂದಿ ಬರೆದು, ಮೂರನೆಯದಾಗಿ ಫ್ರೆಂಚ್ ಕಲಿತಳು. "ಕನ್ನಡ ಯಾಕೆ ಬರೀಲಿಲ್ಲ?" ಎಂದು ಕೇಳಿದೆ. "ಇಲ್ಲಿ ಅದನ್ನ ಪರೀಕ್ಷೆ ಮಾಡೋರು ಯಾರಿದ್ದಾರೆ? ನೀನೇ ಬರಬೇಕು" ಎಂದು ನಕ್ಕಳು. ನಾನೂ ನಕ್ಕೆ. ಮನಸ್ಸಿಗೆ ಮಾತ್ರ ಚುಚ್ಚಿದ ಹಾಗಾಯಿತು.

ಒಂದು ರಾತ್ರಿ ಅವಳು ನನಗೆ ಸ್ಥಿರ ಖರ್ಚು, ಬದಲಾಗುವ ಖರ್ಚು ಎಂಬುದನ್ನು ವಿವರಿಸಿದಳು. ನನಗೆ ತಲೆಗೆ ಹತ್ತಲಿಲ್ಲ. "ಅಮ್ಮ, ನಿನ್ನ ಕ್ಲಾಸಲ್ಲಿ ಇಪ್ಪತ್ತು ಮಕ್ಕಳಿದ್ರೂ ಅರವತ್ತಿದ್ರೂ ನಿನ್ನ ಸಂಬಳ ಅಷ್ಟೇ ಅಲ್ವಾ? ಅದು ಸ್ಥಿರ ಖರ್ಚು. ಮಕ್ಕಳು ಹೆಚ್ಚಾದ ಹಾಗೆ ಹೆಚ್ಚಾಗೋದು ಪರೀಕ್ಷೆಯ ಪೇಪರಿನ ಖರ್ಚು. ಅದು ಬದಲಾಗೋದು" ಎಂದಳು. ತಕ್ಷಣ ತಿಳಿಯಿತು. ನಾನು ಇಷ್ಟು ವರ್ಷ ಮಕ್ಕಳಿಗೆ ಮಾಡಿದ್ದನ್ನೇ ಅವಳು ನನಗೆ ಮಾಡಿದ್ದಳು.

ಆಮೇಲೆ ಅವಳು ಲೆಕ್ಕ ಹಾಕಿಸಿದಳು. ನಾನು ಹಳೆಯ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಇವು ತಿಳಿಯಲೆಂದು ಹಿಡಿದ ಅಂಕಿಗಳು, ಯಾವ ಆಸ್ಪತ್ರೆಯದೂ ಅಲ್ಲ. ಕಟ್ಟಡದ ಬಾಡಿಗೆ, ಯಂತ್ರದ ಕಂತು, ನೀರು ಶುದ್ಧ ಮಾಡುವ ವ್ಯವಸ್ಥೆ, ಸಂಬಳ ಎಲ್ಲ ಸೇರಿ ತಿಂಗಳಿಗೆ 3 ಲಕ್ಷ ಎನ್ನೋಣ. ತಿಂಗಳಿಗೆ 150 ಡಯಾಲಿಸಿಸ್ ಆದರೆ ಒಂದೊಂದರ ತಲೆಯ ಮೇಲೆ 2000 ರೂಪಾಯಿ ಬೀಳುತ್ತದೆ. 400 ಆದರೆ 750 ರೂಪಾಯಿ. ಯಂತ್ರ ಅದೇ, ಕೋಣೆ ಅದೇ, ನರ್ಸು ಅವಳೇ. ಪ್ರತಿ ಸಲ ಬೇಕಾಗುವ ಟ್ಯೂಬು, ಔಷಧ, ದ್ರಾವಣದ ಖರ್ಚು ಬೇರೆ. ಅದು ಎರಡು ಕಡೆಯೂ ಒಂದೇ. "ಖಾಲಿ ಹಾಸಿಗೆಯ ಖರ್ಚನ್ನ ತುಂಬಿದ ಹಾಸಿಗೆಯಲ್ಲಿ ಮಲಗಿದವನು ಕೊಡ್ತಾನೆ ಅಮ್ಮ. ಅಪ್ಪ ಕೊಟ್ಟಿದ್ದು ಅದನ್ನೇ" ಎಂದಳು.

ನನಗೆ ಹಸಿರು ಬಟ್ಟೆಯ ನೆನಪಾಯಿತು. ಒಬ್ಬರಿಗೆ ಒಂದು ಸಲ ಡಯಾಲಿಸಿಸ್ ಮಾಡಲು ಸುಮಾರು 120 ಲೀಟರ್ ಶುದ್ಧ ದ್ರಾವಣ ಬೇಕು. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆ. ಯಂತ್ರ ಕೊಂಡವರು ಅಷ್ಟು ನೀರು ಶುದ್ಧ ಮಾಡುವ ವ್ಯವಸ್ಥೆ ಕೊಂಡಿರಲಿಲ್ಲ. ಸಂಜೆಯ ಪಾಳಿಗೆ ಕೆಲಸದವರನ್ನು ಇಟ್ಟಿರಲಿಲ್ಲ. ನಾನು ನಿಷ್ಕರುಣೆ ಎಂದುಕೊಂಡದ್ದು, ಯಾರೂ ಕೂತು ಹಾಕದೆ ಬಿಟ್ಟ ಲೆಕ್ಕವಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಟ್ಟ ಮನಸ್ಸಿನವರು ಎಂದುಕೊಂಡರೆ ಬೈದು ಹಗುರಾಗಬಹುದು. ಲೆಕ್ಕ ತಪ್ಪಿದ್ದು ಎಂದರೆ ಯಾರನ್ನು ಬೈಯುವುದು?

ಇನ್ನೊಂದು ದಿನ ಅಮೆರಿಕದ ಸಿಯಾಟಲ್ ಊರಿನ ಸಂಗತಿ ಹೇಳಿದಳು. 1960ರಲ್ಲಿ ಅಲ್ಲಿಯ ಡಾಕ್ಟರ್ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ಕೈಯಲ್ಲಿ ಒಂದು ಕೊಳವೆಯನ್ನು ಕಾಯಂ ಆಗಿ ಇರಿಸುವ ಉಪಾಯ ಕಂಡುಹಿಡಿದರು. ಅಲ್ಲಿಯವರೆಗೆ ಕೆಲವು ದಿನಗಳ ಮಟ್ಟಿಗೆ ಜೀವ ಉಳಿಸುತ್ತಿದ್ದ ಡಯಾಲಿಸಿಸ್ ವರ್ಷಗಟ್ಟಲೆ ಮಾಡಿಸಿಕೊಳ್ಳುವಂಥದ್ದಾಯಿತು. ಆದರೆ ಹಾಸಿಗೆಗಳು ಬೆರಳೆಣಿಕೆ, ರೋಗಿಗಳು ಬಹಳ. ಯಾರಿಗೆ ಕೊಡುವುದೆಂದು ತೀರ್ಮಾನಿಸಲು ಏಳು ಜನರ ಸಮಿತಿ ಮಾಡಿದರು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವನು, ಒಬ್ಬ ಗೃಹಿಣಿ ಕೂಡ ಇದ್ದರು. ರೋಗಿಯ ವಯಸ್ಸೇನು, ಮಕ್ಕಳೆಷ್ಟು, ದುಡಿಮೆಯೇನು ಎಂದೆಲ್ಲ ನೋಡಿ ಬದುಕುವವರನ್ನು ಆರಿಸುತ್ತಿದ್ದರು. 1962ರಲ್ಲಿ ಪತ್ರಿಕೆಯಲ್ಲಿ ಅದು ಬಂದಾಗ ದೇಶವೇ ಬೆಚ್ಚಿತು. 1972ರಲ್ಲಿ ಅಮೆರಿಕ ಸರಕಾರ ಕಾನೂನು ಮಾಡಿ ಆ ಖರ್ಚನ್ನು ತಾನೇ ವಹಿಸಿಕೊಂಡಿತು.

"ನಮ್ಮಲ್ಲಿ ಸಮಿತಿ ಇರಲಿಲ್ಲ ಅಷ್ಟೇ" ಎಂದೆ ನಾನು. "ಬಸ್ಸಿನ ದಾರಿಯೇ ಆರಿಸ್ತಿತ್ತು."

ಅವಳು ತನ್ನ ಕೇಂದ್ರದ ಯೋಜನೆಯನ್ನು ಗುಂಪಿನ ಮುಂದೆ ಇಟ್ಟ ದಿನ ಯಾರೋ ಕೇಳಿದರಂತೆ, "ನಿನ್ನ ಗಿರಾಕಿ ಯಾರು?" ಗಿರಾಕಿ ಎಂಬ ಮಾತಿಗೆ ಇವಳಿಗೆ ಸಿಟ್ಟು ಬಂದು "ನನ್ನ ಅಪ್ಪ" ಎಂದಳಂತೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನೈಜೀರಿಯಾದವನು ಮೆಲ್ಲಗೆ, "ಹಾಗಾದರೆ ನೀನು ಒಬ್ಬನಿಗಾಗಿ ಕಟ್ಟುತ್ತೀ. ಅವನೀಗ ಇಲ್ಲ. ಬೆಂಚಿನ ಮೇಲೆ ಕೂತಿದ್ದವರು ಯಾರು?" ಎಂದು ಕೇಳಿದನಂತೆ. ಅದನ್ನು ನನಗೆ ಹೇಳುವಾಗ ಅವಳ ದನಿ ಕಟ್ಟಿತ್ತು. ಅವನನ್ನು ನಾನು ಕಂಡವಳಲ್ಲ. ಯಾವಾಗಲಾದರೂ ನಮ್ಮ ಮನೆಗೆ ಬಂದರೆ ಕಾಯಿ ಕಡುಬು ಮಾಡಿ ಬಡಿಸಬೇಕೆಂದಿದ್ದೇನೆ.

ಅಲ್ಲಿ ಅವರಿಗೆ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಯ ಪಾಠವೂ ಇತ್ತು. ನಮ್ಮ ನೆರೆನಾಡಿನ ಆಸ್ಪತ್ರೆಯ ಬಗ್ಗೆ 1993ರಲ್ಲಿ ಹಾರ್ವರ್ಡಿನವರು ಬರೆದ ಪಾಠವನ್ನು ನನ್ನ ಮಗಳು ಫ್ರಾನ್ಸಿಗೆ ಹೋಗಿ ಓದಬೇಕಾಯಿತು! ಡಾಕ್ಟರ್ ಜಿ. ವೆಂಕಟಸ್ವಾಮಿಯವರು 1976ರಲ್ಲಿ, ಸರಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, ಹನ್ನೊಂದು ಹಾಸಿಗೆಯಿಂದ ಶುರು ಮಾಡಿದ್ದು ಅದು. ಸಂಧಿವಾತದಿಂದ ಅವರ ಕೈಬೆರಳುಗಳು ಸೊಟ್ಟಗಾಗಿದ್ದವು. ಆ ಕೈಯಲ್ಲೇ ಸಾವಿರಾರು ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಹಣ ಕೊಡಬಲ್ಲವರು ಕೊಡುತ್ತಾರೆ, ಆಗದವರಿಗೆ ಉಚಿತ. ಡಾಕ್ಟರು ಒಂದು ಮೇಜಿನಲ್ಲಿ ಶಸ್ತ್ರಚಿಕಿತ್ಸೆ ಮಾಡುವಾಗ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ಸಿದ್ಧವಾಗಿರುತ್ತಾನೆ. ಡಾಕ್ಟರ ಒಂದು ನಿಮಿಷವೂ ಖಾಲಿ ಹೋಗುವುದಿಲ್ಲ. ಖಾಲಿ ಹೋಗದ್ದರಿಂದಲೇ ಬಡವನಿಗೆ ಪುಕ್ಕಟೆ ಮಾಡಲು ಆಗುತ್ತದೆ. ಮನೆ ಅಡವಿಟ್ಟು ಅವರು ಕಟ್ಟಡ ಎಬ್ಬಿಸಿದ್ದಂತೆ. ಆಗ ಅವರಿಗೆ ಐವತ್ತೆಂಟು ವರ್ಷ.

2018ರ ಜುಲೈಯಲ್ಲಿ ಓದು ಮುಗಿಯಿತು. ಊರಿನವರು ಕಾದು ನೋಡುತ್ತಿದ್ದರು, ನಾನೂ ಕಾದೆ. ಮಗಳು ಬರಲಿಲ್ಲ. ಸಿಂಗಪುರದಲ್ಲಿ ಒಳ್ಳೆಯ ಸಂಬಳದ ಕೆಲಸ ಹಿಡಿದಳು. "ಸಾಲ ತೀರೋವರೆಗೆ ಅಮ್ಮ" ಎಂದಳು. ನಾನು ಹೂಂ ಎಂದೆ. ಆದರೆ ನಿಜ ಹೇಳಬೇಕು, ನನಗೆ ನಂಬಿಕೆಯಿರಲಿಲ್ಲ. ಹೀಗೆ ಹೇಳಿ ಹೋದವರನ್ನು ಎಷ್ಟು ಕಂಡಿಲ್ಲ? ನನ್ನ ಶಿಷ್ಯರಲ್ಲೇ ಇದ್ದಾರೆ. ಸಾಲ ತೀರುವ ಹೊತ್ತಿಗೆ ಮನೆ, ಮನೆಯ ಹೊತ್ತಿಗೆ ಮಗು, ಮಗುವಿನ ಹೊತ್ತಿಗೆ ಶಾಲೆ. ಅವರನ್ನು ತಪ್ಪು ಎನ್ನಲಾರೆ. "ಹೋದವಳು ಬರ್ತಾಳಾ ಟೀಚರ್?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರೆ ಉತ್ತರ ಪತ್ರಿಕೆ ತಿದ್ದುವಂತೆ ಮುಖ ತಗ್ಗಿಸುತ್ತಿದ್ದೆ.

ಐದು ವರ್ಷ ಬೇಕಾಯಿತು. 2023ರಲ್ಲಿ ಬ್ಯಾಂಕಿನವರು ಮನೆ ಪತ್ರ ಹಿಂದಕ್ಕೆ ಕೊಟ್ಟರು. ಮರುವರ್ಷ ಎರಡು ಸೂಟ್‌ಕೇಸು, ಒಂದು ಲ್ಯಾಪ್‌ಟಾಪಿನೊಂದಿಗೆ ಮಗಳು ಅಂಗಳದಲ್ಲಿ ನಿಂತಿದ್ದಳು. ಅವಳ ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡವು.

"ಈಗ ಸರಕಾರದವರೇ ಪುಕ್ಕಟೆ ಮಾಡ್ತಾರಲ್ಲ, ನಿನ್ನದು ಯಾಕೆ?" ಎಂದು ನಾನೇ ಕೇಳಿದೆ. 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಕೊಡುವ ಏರ್ಪಾಟು ಶುರುವಾಗಿದ್ದು ನನಗೆ ಗೊತ್ತಿತ್ತು. "ಒಳ್ಳೇದೇ ಆಯ್ತಲ್ಲ. ಅದರಲ್ಲಿ ಖಾಸಗಿಯವರೂ ಸರಕಾರದ ಜೊತೆ ಸೇರಿ ನಡೆಸಬಹುದು. ಆದರೆ ವಾರಕ್ಕೆ ಮೂರು ಸಲ ಹೋಗಿ ಬರೋ ಕಾಯಿಲೆ ಅಮ್ಮ ಇದು. ಔಷಧ ಪುಕ್ಕಟೆ ಆದ್ರೂ ದಾರಿ ಪುಕ್ಕಟೆ ಆಗೋದಿಲ್ಲ" ಎಂದಳು.

ಅವಳ ಯೋಜನೆ ಹೀಗಿತ್ತು: ಶಿರಸಿಯಲ್ಲಿ ಆರು ಹಾಸಿಗೆ, ದಿನಕ್ಕೆ ಮೂರು ಪಾಳಿ, ತಿಂಗಳಿಗೆ 26 ದಿನ. ಒಟ್ಟು 468 ಡಯಾಲಿಸಿಸ್. ಲ್ಯಾಪ್‌ಟಾಪಿನಲ್ಲಿ ಸಾಲು ಸಾಲು ಅಂಕಿ. ಪ್ರತಿ ಪಾಳಿಯಲ್ಲಿ ಒಂದು ಹಾಸಿಗೆ ಹಣ ಕೊಡಲಾಗದವರಿಗೆ. ಅದನ್ನು ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಆಮೇಲೆ ಪಾಳಿಯ ಹೊತ್ತು ನೋಡಿದೆ. ಬೆಳಿಗ್ಗೆ 7ರಿಂದ 11, 12ರಿಂದ 4, ಸಂಜೆ 5ರಿಂದ 9.

"ರಾತ್ರಿ ಒಂಬತ್ತಕ್ಕೆ ಬಿಟ್ರೆ ಮನೆಗೆ ಹೇಗೆ ಹೋಗ್ತಾರೆ?" ಎಂದೆ.

ಅವಳು ತಲೆಯೆತ್ತಿದಳು. ನಮ್ಮ ಕಡೆಗೆ ಕೊನೆಯ ಬಸ್ಸು ಶಿರಸಿ ಬಿಡುವುದು ಏಳೂವರೆಗೆ. ಆಮೇಲೆ ರಿಕ್ಷಾ ಮಾಡಬೇಕು. ರಿಕ್ಷಾ ಮಾಡಬಲ್ಲವನು ಹುಬ್ಬಳ್ಳಿಗೆ ಕಾರನ್ನೇ ಮಾಡುತ್ತಾನೆ. ಮೂರನೆಯ ಪಾಳಿ ಖಾಲಿ ಬೀಳುತ್ತದೆ. 468 ಅನ್ನುವುದು 312ಕ್ಕೆ ಇಳಿಯುತ್ತದೆ. ಉಚಿತದ ಹಾಸಿಗೆಯ ಖರ್ಚು ಎಲ್ಲಿಂದ ಬರಬೇಕು? ಹತ್ತು ತಿಂಗಳ ಓದಿನಲ್ಲಿ, ಐದು ವರ್ಷದ ಕೆಲಸದಲ್ಲಿ ಎಲ್ಲವೂ ಬಂದಿತ್ತು, ಬಸ್ಸಿನ ವೇಳಾಪಟ್ಟಿಯೊಂದು ಬಂದಿರಲಿಲ್ಲ.

ಆ ರಾತ್ರಿ ಅಡುಗೆಮನೆಯ ಮೆಟ್ಟಿಲಲ್ಲಿ ಕೂತು ಇಬ್ಬರೂ ಪಾಳಿ ಬದಲಿಸಿದೆವು. ಬೆಳಿಗ್ಗೆ 5.30ರಿಂದ 9.30 ಪೇಟೆಯಲ್ಲೇ ಇರುವವರಿಗೆ. 10.15ರಿಂದ 2.15 ಮೊದಲ ಬಸ್ಸಿನಲ್ಲಿ ದೂರದಿಂದ ಬರುವವರಿಗೆ. 3ರಿಂದ 7 ಹತ್ತಿರದ ಹಳ್ಳಿಯವರಿಗೆ. ಬಿಟ್ಟು ಅರ್ಧ ಗಂಟೆ ಕೂತು ಸುಧಾರಿಸಿಕೊಂಡು ಕೊನೆಯ ಬಸ್ಸು ಹಿಡಿಯಬಹುದು. ನಡುವೆ ಮುಕ್ಕಾಲು ಗಂಟೆ ಯಂತ್ರ ತೊಳೆಯಲು. ಬರೆದು ಮುಗಿಸಿದ ಮೇಲೆ ನಾನು ಒಳಗೆ ಹೋಗಿ ಟ್ರಂಕಿನಿಂದ ಮನೆ ಪತ್ರ ತಂದು ಅವಳ ಮುಂದಿಟ್ಟೆ. ಅವಳು ಬೇಡವೆಂದಳು. ಕೇಳಿರಲಿಲ್ಲ, ಕೇಳಬಾರದೆಂದೇ ಇದ್ದಳು. "ವೆಂಕಟಸ್ವಾಮಿಯವರಿಗೆ ಎಷ್ಟು ವರ್ಷ ಅಂದೆ?" ಎಂದು ಕೇಳಿದೆ. ನನಗೂ ಈಗ ಅಷ್ಟೇ. ಈ ಸಲ ಬ್ಯಾಂಕಿನಲ್ಲಿ ನನ್ನ ಸಹಿ ಒಂದೇ ಸಲಕ್ಕೆ ಸರಿಯಾಯಿತು.

ಇದರಿಂದ ಎಲ್ಲ ಸರಿಹೋಯಿತು ಎಂದಲ್ಲ. ಕೇಂದ್ರ ಇನ್ನೂ ತೆರೆದಿಲ್ಲ. ವಾರದಲ್ಲಿ ಕೆಲವು ದಿನವಾದರೂ ಬಂದು ನೋಡುವ ಮೂತ್ರಪಿಂಡದ ತಜ್ಞರು ಸಿಗಬೇಕು. ಪರವಾನಗಿಗಳು ಬರಬೇಕು. ಬೇಸಿಗೆಯಲ್ಲಿ ನೀರಿನ ಭರವಸೆ ಬೇಕು. ನಷ್ಟವಾದರೆ ನಿವೃತ್ತಿಯಾದ ಮೇಲೆ ನಾನು ಇರುವುದೆಲ್ಲಿ ಎಂದು ತಮ್ಮ ಕೇಳಿದ. ನನ್ನ ಹತ್ತಿರ ಉತ್ತರವಿಲ್ಲ. ಲಾಭ ಎಂಬ ಮಾತಿಗೆ ನಾನು ಮೊದಲಿನಷ್ಟು ಹೆದರುವುದಿಲ್ಲ, ಅಷ್ಟೆ. ಕೇಂದ್ರ ಮುಚ್ಚಿಹೋದರೆ ಉಚಿತದ ಹಾಸಿಗೆಯೂ ಅದರ ಜೊತೆಗೇ ಹೋಗುತ್ತದೆ ಎಂಬುದು ನನಗೆ ಅರ್ಥವಾಗಿದೆ.

ಹೋದ ತಿಂಗಳು ಒಂದು ಕಟ್ಟಡ ನೋಡಲು ಹೋಗಿದ್ದೆವು. ಹಳೆಯ ಗೋದಾಮು, ಬಾಡಿಗೆ ಕಡಿಮೆ. "ಬಸ್ ಸ್ಟ್ಯಾಂಡಿಂದ ನಾಲ್ಕೇ ನಿಮಿಷ" ಎಂದು ಮಗಳು ಬರೆದುಕೊಂಡಿದ್ದಳು. ನಾನು ಅವಳ ಕೈಗೆ ಗಡಿಯಾರ ಕೊಟ್ಟು, "ಈಗ ನೋಡು" ಎಂದು ಗೋದಾಮಿನ ಬಾಗಿಲಿಂದ ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆ. ಡಯಾಲಿಸಿಸ್ ಮುಗಿದ ಮೇಲೆ ನಮ್ಮವರು ಹೇಗೆ ನಡೆಯುತ್ತಿದ್ದರೋ ಹಾಗೆ ನಡೆದೆ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತೆ. ಏರಿನಲ್ಲಿ ಗೋಡೆ ಹಿಡಿದುಕೊಂಡೆ. ಅಂಗಡಿಯ ಕಟ್ಟೆ ಕಂಡಲ್ಲಿ ಕೂತೆ. ನೋಡಿದವರು ಟೀಚರಿಗೆ ಏನಾಯಿತು ಎಂದುಕೊಂಡಿರಬೇಕು. ಮಗಳು ಹಿಂದೆಯೇ ಬಂದಳು, ಒಂದು ಮಾತೂ ಆಡಲಿಲ್ಲ.

ಬಸ್ ಸ್ಟ್ಯಾಂಡಿನ ಬೆಂಚು ಮುಟ್ಟಿದಾಗ ಹನ್ನೊಂದು ನಿಮಿಷವಾಗಿತ್ತು. ಅವಳು ಪುಸ್ತಕ ತೆಗೆದು 4ನ್ನು ಹೊಡೆದು ಹಾಕಿ 11 ಎಂದು ಬರೆದಳು. ಮರುದಿನ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ ಎಂದು, ಇನ್ನೂ ಹತ್ತಿರದ ಕಟ್ಟಡ ಹುಡುಕಲು ಹೊರಟೆವು.